ನವ್ಯ ಚಿತ್ರಕ್ಕೆ ಕುಂಕುಮ

ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡ್ರಾಯಿಂಗ್ ಮೇಷ್ಟ್ರು. ಕಲೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ನನ್ನ ಜೊತೆ ಚಿತ್ರಕಲೆ ಓದಿದ ಶೇಷಗಿರಿ ಈಗ ಮೈಸೂರಿನಲ್ಲಿ ದೊಡ್ಡ ಕಲಾವಿದ. ಹೋದ ವರ್ಷ ಊಟಕ್ಕೆ ಬಂದವನು ನಮ್ಮ ಗೋಡೆಯ ಗೊಬ್ಬರದಂಗಡಿ ಕ್ಯಾಲೆಂಡರ್ ನೋಡಿ, ಇದೇ ಏನೋ ನಿನ್ನ ಕಲಾಸಂಗ್ರಹ ಎಂದು ನಕ್ಕಿದ್ದ. ನನ್ನ ಹೆಂಡತಿ ಗೌರಿಯ ಎದುರಿಗೇ! ಆ ನಗು ವರ್ಷವಿಡೀ ನನ್ನ ಹೊಟ್ಟೆ ಉರಿಸಿತು. ಭಾನುವಾರ ಮತ್ತೆ ಬರುತ್ತೇನೆಂದು ಅವನು ಫೋನ್ ಮಾಡಿದಾಗ, ಗೋಡೆಗೊಂದು ನವ್ಯ ಚಿತ್ರ ತೂಗುಹಾಕಿ ಅವನ ಬಾಯಿ ಮುಚ್ಚಿಸಲೇಬೇಕೆಂದು ತೀರ್ಮಾನಿಸಿದೆ.

ಶಿರಾದಲ್ಲಿ ಫ್ರೇಮ್ ಅಂಗಡಿ ಇಟ್ಟಿರುವ ಅನ್ವರ್ ಭಾಯಿ ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಿತ್ರಗಳನ್ನು ತೋರಿಸಿದರು. ಬೂದುಬಣ್ಣದ ಮೇಲೆ ಎರಡು ಕಪ್ಪು ಪಟ್ಟೆ ಇದ್ದದ್ದನ್ನು ಆರಿಸಿದೆ. ಯಾವನೋ ಹೊರದೇಶದ ಕಲಾವಿದನದಂತೆ. ಅವರು ಅದರ ಪ್ರತಿ ತರಿಸಿ, ಫ್ರೇಮ್ ಹಾಕಿ, ಶನಿವಾರ ಬಸ್ಸಿಗೆ ಕೊಟ್ಟು ಕಳಿಸಿದರು.

ಬೆಳಗಿನ ಶಾಲೆ ಮುಗಿಸಿ ಬಂದು ನೋಡುತ್ತೇನೆ, ಗೌರಿ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಾಳೆ, ಕೆಳಗಿನ ಮೂಲೆಯಲ್ಲಿ ಒಂದು ಕೆಂಪು ಬೊಟ್ಟು! ನನ್ನ ಮೈ ಉರಿದುಹೋಯಿತು. ನಮ್ಮ ಮನೆಗೆ ಬಂದ ಮಿಕ್ಸಿ, ಫ್ರಿಜ್ಜು, ಕುಕ್ಕರ್ ಯಾವುದೂ ಇವಳ ಕುಂಕುಮದಿಂದ ತಪ್ಪಿಸಿಕೊಂಡಿಲ್ಲ, ನಿಜ. ಆದರೆ ಆಧುನಿಕ ಕಲೆಗೂ ಕುಂಕುಮವೇ?

"ನಾನಿಟ್ಟಿಲ್ಲ ಕಣ್ರೀ," ಎಂದಳು ಗೌರಿ. "ಇಟ್ಟಿದ್ರೆ ನಡುಮಧ್ಯಕ್ಕೆ ಇಡ್ತಿದ್ದೆ. ಮೂಲೇಲಿ ಯಾಕಿಡ್ಲಿ?"

ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಬೊಟ್ಟು ಗಾಜಿನ ಒಳಗಡೆ ಇತ್ತು! ಹಾಗಾದರೆ ಪೂಜೆ ಅಂಗಡಿಯಲ್ಲೇ ನಡೆದಿದೆ. ಕೂಡಲೇ ಫೋನ್ ಮಾಡಿ, ಚಿತ್ರಕ್ಕೆ ಕುಂಕುಮ ಮೆತ್ತುವ ಅಧಿಕಾರ ಯಾರು ಕೊಟ್ಟರೆಂದು ಅನ್ವರ್ ಭಾಯಿಯನ್ನು ತರಾಟೆಗೆ ತೆಗೆದುಕೊಂಡೆ.

"ಸಾರ್, ನಾನ್ಯಾಕೆ ಕುಂಕುಮ ಇಡ್ಲಿ? ಅದು ಬಂದಿದ್ದೇ ಅಂಗೆ."

ತಪ್ಪು ಮಾಡಿದವರೆಲ್ಲ ಹೇಳುವುದು ಹೀಗೇ! ಇದ್ದರೆ ಇರಲಿ ಬುಡಿ, ಇರೋದ್ರಲ್ಲಿ ಅದೊಂದೇ ಲಕ್ಷಣವಾಗೈತೆ ಎಂದು ಗೌರಿ ತಡೆದಳು. ಡ್ರಾಯಿಂಗ್ ಮೇಷ್ಟ್ರಿಗೇ ಲಕ್ಷಣದ ಪಾಠ! ಫ್ರೇಮಿನ ಹಿಂದಿನ ಮೊಳೆ ಕಿತ್ತು, ಚಿತ್ರ ಹೊರತೆಗೆದು, ಬ್ಲೇಡಿನಿಂದ ಬೊಟ್ಟನ್ನು ಕೆರೆದೆ. ಮೇಲೆ ಬೂದುಬಣ್ಣ ತೀಡಿದೆ. ಎಷ್ಟಾದರೂ ಪಳಗಿದ ಕೈ.

ಭಾನುವಾರ ಶೇಷಗಿರಿ ಒಳಗೆ ಬಂದವನೇ ಚಿತ್ರದ ಮುಂದೆ ನಿಂತ. ನಗಲಿಲ್ಲ. ನನ್ನ ಎದೆ ಉಬ್ಬಿತು. ಆಮೇಲೆ ಅವನು ಬಗ್ಗಿ ಮೂಲೆ ನೋಡಿದ.

"ಇಲ್ಲೊಂದು ಕೆಂಪು ಚುಕ್ಕೆ ಇರಬೇಕಲ್ಲೋ. ಈ ಚಿತ್ರದ ಜೀವಾನೇ ಅದು. ಎಲ್ಲಿಹೋಯ್ತು?"

ಅಚ್ಚು ಹಾಕಿದವರನ್ನು ಬೈಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗೌರಿ ದೇವರ ಮನೆಯಿಂದ ಕುಂಕುಮದ ಭರಣಿ ಹಿಡಿದು ಬಂದಳು.

"ಎಲ್ಲಿಗಿಡ್ಬೇಕು ತೋರ್ಸಣ್ಣ. ಇವ್ರು ನಿನ್ನೆ ಕೆರೆದಾಕ್ಬುಟ್ರು."

ಅವನು ತೋರಿಸಿದ, ಅವಳು ಗಾಜಿನ ಮೇಲೆ ಇಟ್ಟಳು. ಚಿತ್ರಕ್ಕೆ ಕಳೆ ಬಂತೆಂದು ಇಬ್ಬರೂ ಒಪ್ಪಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ.

ಈಗ ಪ್ರತಿ ಶುಕ್ರವಾರ ಗಾಜಿನ ಧೂಳು ಒರೆಸುವುದು ನಾನು. ಬೊಟ್ಟು ಇಡುವುದು ಮಾತ್ರ ಗೌರಿ. ಅದು ಕಲೆ ಗೊತ್ತಿದ್ದವರ ಕೆಲಸವಂತೆ!