ಓಡುವ ಅಕ್ಷರದ ಬೋರ್ಡು ಮಾರಿದ ದಿನಗಳು

ನಾನು ಎಲ್ಲಿ ಬೋರ್ಡು ಕಟ್ಟಿದರೂ ಏನಾದರೊಂದು ಆಗಿಯೇ ಆಗುತ್ತಿತ್ತು. ತಂತಿ ಜೋಡಿಸಿ, ಸ್ವಿಚ್ ಒತ್ತಿ, ಇನ್ನೇನು ಚಹಾ ಕುಡಿದು ಹೊರಡಬೇಕು ಅನ್ನುವಷ್ಟರಲ್ಲಿ ಯಾರೋ ಬಂದು ಒಂದು ಮಾತು ಆಡುತ್ತಿದ್ದರು. ಅದನ್ನು ನೆನೆದು ಊರು ಮುಟ್ಟುವ ತನಕ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ.

ಮೊದಲು ನಾನು ಬ್ರಶ್ ಹಿಡಿದ ಪೇಂಟರ್. ಬಾಗಲಕೋಟೆ ಸುತ್ತಲಿನ ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಲಾರಿಯ ಹಿಂಭಾಗ, ಎಲ್ಲ ಕಡೆ ನನ್ನದೇ ಅಕ್ಷರ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎಲ್‌ಇಡಿ ಬೋರ್ಡು ಕಂಡೆ. ಜೋಳದ ಕಾಳಿನಷ್ಟು ಸಣ್ಣ ಕೆಂಪು ದೀಪಗಳು ಸಾಲಾಗಿ ಹತ್ತಿ, ಅಕ್ಷರವಾಗಿ, ಓಡುತ್ತಿದ್ದವು. ಬಾಯಿ ತೆರೆದು ನಿಂತೆ. ಅಂಗಡಿಯವನು "ಮುಟ್ಟಿ ನೋಡ್ರಿ" ಅಂದ. ಅಂಜುತ್ತಲೇ ಬೆರಳಿಟ್ಟೆ. ಸುಡಲಿಲ್ಲ! ಬಲ್ಬಿನೊಳಗೆ ಕಾದು ಕೆಂಪಾಗುವ ತಂತಿ ಇದರಲ್ಲಿ ಇಲ್ಲವೇ ಇಲ್ಲ, ಅದಕ್ಕೇ ಕರೆಂಟು ಕಡಿಮೆ, ಬಾಳಿಕೆ ಹೆಚ್ಚು ಅಂತ ತಿಳಿಸಿ ಹೇಳಿದ. ಇಷ್ಟು ತಣ್ಣಗಿನ ಬೆಳಕನ್ನು ನಾನು ಹುಣ್ಣಿಮೆಯ ದಿನ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಒಂದು ಬೋರ್ಡು ಕೊಂಡು, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಬಂದೆ.

೧. ನವನಗರದ ಅಜ್ಜ

ನವನಗರದ ನನ್ನ ಅಂಗಡಿಯ ಮುಂದೆ ಅದನ್ನೇ ನಮೂನೆಗೆ ಅಂತ ತೂಗುಹಾಕಿದೆ. ಒಂದು ಸಂಜೆ ರುಮಾಲು ಸುತ್ತಿದ ಅಜ್ಜ ಒಬ್ಬರು ಅದರ ಮುಂದೆ ನಿಂತರು. ಅಕ್ಷರ ಹೋದ ಕಡೆಗೆಲ್ಲ ಅವರ ಕುತ್ತಿಗೆಯೂ ಹೋಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬೋರ್ಡಿನ ಎಡಗಡೆಗೆ ಹೋಗಿ, ಗೋಡೆಯ ಸಂದಿಯಲ್ಲಿ ಬಗ್ಗಿ ನೋಡತೊಡಗಿದರು.

"ಏನ್ ಹುಡುಕಾಕತ್ತೀರಿ ಅಜ್ಜಾ?"

"ಆ ಕಡಿಂದ ಬರ್ತಾವ, ಈ ಕಡಿ ಹೋಗ್ತಾವ. ಹ್ವಾದವು ಎಲ್ಲಿ ಬೀಳ್ತಾವ ತಮ್ಮಾ?"

"ಯಾವ ದೀಪನೂ ಜಾಗಾ ಬಿಟ್ಟು ಅಲಗಾಡಂಗಿಲ್ರಿ. ಒಂದು ಆರ್ತೈತಿ, ಬಾಜೂಕಿಂದು ಹತ್ತತೈತಿ. ನಮ್ಮ ಕಣ್ಣಿಗೆ ಓಡಿದಂಗ ಕಾಣ್ತೈತಿ, ಅಷ್ಟ."

ಅಜ್ಜ ಸಂದಿಯಿಂದ ಎದ್ದು ಮತ್ತೆ ಬೋರ್ಡಿನ ಮುಂದೆ ಬಂದರು. ಅವರ ಹಳೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ನವನಗರದ ಹೊಸ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ನಾವು ಭಾಂಡೆ ಸಾಮಾನು ಹೊತ್ತು ಇಲ್ಲೀತನಾ ಬಂದ್ವಿ" ಅಂದರು. "ನಿನ್ನ ದೀಪ ಭಾಳ ಶ್ಯಾಣ್ಯಾ ಅದಾವ ಬಿಡು. ಕುಂತಲ್ಲೇ ಕುಂತು ಊರು ತಿರಗ್ತಾವ!"

೨. ಇಳಕಲ್ಲಿನ ಎಳೆ

ಇಳಕಲ್ಲಿನ ಸೀರೆ ಅಂಗಡಿಯ ಸಾಹುಕಾರರು ತಮ್ಮ ಅಂಗಡಿಯ ಹೆಸರಿನ ಬೋರ್ಡು ಕೊಂಡರು. ಕಟ್ಟಿ, ಹಚ್ಚಿದೆ. ಆ ಹೊತ್ತಿಗೆ ನೇಯ್ದ ಸೀರೆ ಕೊಡಲು ಬಂದಿದ್ದ ಹಿರಿಯ ನೇಕಾರರೊಬ್ಬರು ಬಾಗಿಲಲ್ಲೇ ನಿಂತುಬಿಟ್ಟರು.

"ಮಗ್ಗ ಇಲ್ಲ, ಲಾಳಿ ಇಲ್ಲ, ಹೆಂಗ ನೇಯಾಕತ್ತೈತಿ ನೋಡ್ರಿ!" ಅಂದವರು ತಟ್ಟನೆ ಬೆರಳು ತೋರಿಸಿದರು. "ಸಾವ್ಕಾರ್ರ, ಅಲ್ಲೊಂದು ಎಳಿ ಹರದೈತಿ."

ನೋಡಿದರೆ ಖರೆ. ಯಾವ ಅಕ್ಷರ ಓಡಿ ಬಂದರೂ ಬೋರ್ಡಿನ ಒಂದು ಚುಕ್ಕಿ ಹತ್ತುತ್ತಲೇ ಇರಲಿಲ್ಲ. ನನ್ನ ಮುಖ ಸಪ್ಪಗಾಯಿತು. "ಹುಬ್ಬಳ್ಳಿಗೆ ಒಯ್ದು ದೀಪ ಬದಲಿ ಮಾಡಿಸಿ ತರ್ತೇನ್ರಿ" ಅಂದೆ.

"ಒಂದು ಎಳಿ ಸಲುವಾಗಿ ಹುಬ್ಬಳ್ಳಿತನಾ ಯಾಕ ಹೋಗ್ತೀರಿ? ಕೆಳಗ ಇಳಸ್ರಿ, ನಾನಽ ಗಂಟು ಹಾಕಿ ಕೊಡ್ತೇನಿ" ಅಂದರು ಅವರು, ತುಂಬ ಪ್ರೀತಿಯಿಂದ.

ಬೋರ್ಡು ಇಳಿಸಿ ಹಿಂಬದಿ ತೆರೆದೆ. ಬಣ್ಣಬಣ್ಣದ ತಂತಿಗಳು ಒಂದರೊಳಗೊಂದು ಸಿಕ್ಕು ಬಿದ್ದಿದ್ದವು. ಅವರು ಬಗ್ಗಿ ನೋಡಿ ಲೊಚಗುಟ್ಟಿದರು.

"ಮುಂದ ಅಷ್ಟು ಚಂದ, ಹಿಂದ ಇಷ್ಟು ಗಂಟು! ಇಂಥಾ ಸೀರಿ ನಾ ತಂದಿದ್ರ, ಸಾವ್ಕಾರ್ರು ನನ್ನ ಮಾರಿ ಮ್ಯಾಲೆ ಒಗೀತಿದ್ರು."

೩. ಬಾದಾಮಿಯ ಗಿರಾಕಿ

ಬಾದಾಮಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿ. ಅದರ ಮಾಲೀಕರು ಗುಡಿ ನೋಡಲು ಬಂದವರೆಲ್ಲ ತಮ್ಮಲ್ಲೇ ಉಣ್ಣಲಿ ಅಂತ ನನ್ನ ಬೋರ್ಡಿನಲ್ಲಿ 'ಬಿಸಿ ರೊಟ್ಟಿ ಊಟ ಸಿದ್ಧ' ಅಂತ ಓಡಿಸಿದರು. ಮನುಷ್ಯರಿಗಿಂತ ಮೊದಲು ಬಂದದ್ದು ಮಂಗ. ಬೋರ್ಡಿನ ಮೇಲ್ಗಡೆಯ ಛಜ್ಜದ ಮೇಲೆ ಕುಳಿತು, ತಲೆ ಕೆಳಗೆ ಮಾಡಿ, ಓಡುವ 'ರೊಟ್ಟಿ'ಗೆ ಕೈ ಹಾಕಿತು. ಗಬಕ್ಕನೆ ಮುಷ್ಟಿ ಹಿಡಿಯಿತು. ಮೆಲ್ಲಗೆ ಬಿಚ್ಚಿ ನೋಡಿತು. ಏನೂ ಇಲ್ಲ. ಅಂಗೈ ಮೂಸಿ ನೋಡಿತು. ಮತ್ತೆ ಕೈ ಹಾಕಿತು. ರಸ್ತೆಯಲ್ಲಿ ಜನವೋ ಜನ.

ಬೋರ್ಡು ಒಡೆದೇ ಹೋಗುತ್ತದೆ, ನನ್ನ ಹೆಸರೂ ಕೆಡುತ್ತದೆ ಅಂತ ಹೆದರಿ, ಮುಂದಿನ ವಾರ ಬೋರ್ಡಿಗೆ ಮುಚ್ಚಲು ತಂತಿಬಲೆಯ ಜಾಳಿಗೆ ಹೊತ್ತುಕೊಂಡು ಓಡಿದೆ. ಮಾಲೀಕರು ಎರಡೂ ಕೈ ಅಡ್ಡ ಹಿಡಿದರು.

"ಜಾಳಿಗಿ ಬ್ಯಾಡ್ರಿ! ಬೋರ್ಡ್ ಓದಿ ಯಾರೂ ಬಂದಿಲ್ಲ. ಮಂಗ್ಯಾನ ನೋಡಿಕೋಂತ ನಿಂತವ್ರು ಹಸದು ಒಳಗ ಬರಾಕತ್ಯಾರ. ನೀವು ಒಂದು ಕೆಲಸ ಮಾಡ್ರಿ, ಅಕ್ಷರ ಸ್ವಲ್ಪ ಸಾವಕಾಶ ಓಡಸ್ರಿ."

"ಯಾಕ್ರಿ? ಮಂದಿಗೆ ಓದಾಕ ಆಗವಲ್ದೇನು?"

"ಮಂದೀದು ಬಿಡ್ರಿ. ಪಾಪ, ಅದಕ್ಕ ಒಂದು ರೊಟ್ಟಿಯರ ಸಿಗಲಿ!"

೪. ಹುನಗುಂದದ ಹಲ್ಲಿನ ದವಾಖಾನಿ

ಹುನಗುಂದದಲ್ಲಿ ಆಗ ತಾನೇ ಕಲಿತು ಬಂದ ಹಲ್ಲಿನ ಡಾಕ್ಟರೊಬ್ಬರು ದವಾಖಾನಿ ತೆರೆದಿದ್ದರು. ಕುರ್ಚಿ ಹೊಸದು, ಯಂತ್ರ ಹೊಸದು. ಆದರೆ ಒಳಗೆ ಪೇಶಂಟೇ ಇಲ್ಲ. "ಮಂದಿ ಅಂಜ್ತಾರ್ರಿ. ಅಂಜಿಕಿ ಹೋಗುವಂಗ ಬೋರ್ಡ್ ಮಾಡ್ರಿ" ಅಂತ ಅವರೇ ಬರೆದುಕೊಟ್ಟರು: 'ಹಲ್ಲು ಕೀಳುವಾಗ ನೋವು ಆಗುವುದೇ ಇಲ್ಲ.'

ಆಗಿನ ಬೋರ್ಡುಗಳಿಗೆ ಕನ್ನಡ ಬರುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ಚುಕ್ಕಿ ಇಟ್ಟು ಚಿತ್ರದ ಹಾಗೆ ಬರೆಯಬೇಕು. ಬೋರ್ಡಿನ ನೆನಪಿನ ಶಕ್ತಿಯೂ ಅಷ್ಟಕ್ಕಷ್ಟೇ. "ಸ್ವಲ್ಪ ಸಣ್ಣದು ಮಾಡ್ರಿ ಡಾಕ್ಟರ್" ಅಂದೆ. "ಆ 'ಆಗುವುದೇ' ಅನ್ನೂದ್ರಾಗ ಜೋರ್ ಐತಿ, ಅದು ಬೇಕಽ ಬೇಕು" ಅಂದರು.

ಡಾಕ್ಟರೇ ಸ್ವಿಚ್ ಒತ್ತಿದರು. ಬೀದಿಯ ಜನ ಬೆರಗಾಗಿ ನೆರೆದರು. ಬೋರ್ಡಿನ ನೆನಪಿನಲ್ಲಿ ಕೊನೆಯ 'ಇಲ್ಲ' ಹಿಡಿಸಲಿಲ್ಲ. ಅದು ಪಾಪ ಹಿಡಿಸಿದಷ್ಟನ್ನು ಓಡಿಸಿತು: 'ಹಲ್ಲು ಕೀಳುವಾಗ ನೋವು ಆಗುವುದೇ'. ಮತ್ತೆ ಮೊದಲಿನಿಂದ, 'ಹಲ್ಲು ಕೀಳುವಾಗ ನೋವು ಆಗುವುದೇ'.

ಗುಂಪಿನಲ್ಲಿ ಒಬ್ಬ ಅಂದ: "ಏ, ಡಾಕ್ಟರಗಽ ಗೊತ್ತಿಲ್ಲಲೇ! ಬೋರ್ಡ್ ಹಾಕಿ ಊರ ಮಂದಿನ್ನ ಕೇಳಾಕತ್ಯಾರ!"

ನಾನು ನಿಚ್ಚಣಿಕೆಗೆ ಓಡಿದೆ. ಅಷ್ಟರಲ್ಲಿ ಗಲ್ಲ ಊದಿದ ಅಜ್ಜಿಯೊಬ್ಬಳು ಸೊಸೆಯಿಂದ ಬೋರ್ಡು ಓದಿಸಿಕೊಂಡು, ನೇರವಾಗಿ ಒಳಗೆ ನಡೆದಳು.

"ಆಗ್ತೈತಿ ನೋಡಪಾ. ಭಾಳ ಆಗ್ತೈತಿ" ಅಂದಳು. "ಸಣ್ಣ ವಯಸ್ಸು, ನಿನಗ ಯಾರೂ ಹೇಳಿಲ್ಲೇನೋ. ಕೇಳೀಯಲ್ಲ, ಹೇಳಿ ಹೋಗೂಣಂತ ಬಂದೆ."

ಡಾಕ್ಟರ ಮುಖ ಕೆಂಪಾಯಿತು. ಆದರೂ ಬಂದವಳನ್ನು ಬಿಡಲಿಲ್ಲ. ಸಮಾಧಾನ ಮಾಡಿ ಕುರ್ಚಿಯ ಮೇಲೆ ಕೂರಿಸಿದರು. ಸೂಜಿ ಕೊಟ್ಟರು, ಕೈಯಾಡಿಸಿದರು. ಅವಳು ಕಣ್ಣು ಬಿಡುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿತ್ತು. ಕಿಟಕಿಯಲ್ಲಿ ಊರೆಲ್ಲ ಇಣುಕುತ್ತಿತ್ತು. ಅಜ್ಜಿ ಗಲ್ಲ ಮುಟ್ಟಿ ನೋಡಿಕೊಂಡಳು. ಬೆರಗಿನಿಂದ ಹಲ್ಲನ್ನೂ ಡಾಕ್ಟರನ್ನೂ ನೋಡಿದಳು.

ಡಾಕ್ಟರು ಹೆಮ್ಮೆಯಿಂದ ಕಿಟಕಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಹೇಳವ್ವಾ, ನೋವು ಆತೇನು?"

ಅಜ್ಜಿ ಬಾಯಲ್ಲಿದ್ದ ಹತ್ತಿಯನ್ನು ತೆಗೆದು ಕೈಯಲ್ಲಿ ಹಿಡಿದಳು.

"ಹೊರಗೂ ಅದನ್ನಽ ಕೇಳ್ತಿ, ಒಳಗೂ ಅದನ್ನಽ ಕೇಳ್ತಿ! ಅಷ್ಟು ತಿಳ್ಕೋಬೇಕು ಅನಸಿದ್ರ, ಒಮ್ಮೆ ನಿಂದಽ ಒಂದು ಹಲ್ಲು ಕಿತ್ತು ನೋಡ್ಕೋ ನನ್ನಪ್ಪಾ!"