ಸೂಜಿ ತಪ್ಪಿಸಲು ಟಿವಿ ಮುಂದೆ ಕುಣಿದದ್ದು

ಇನ್ನು ಮೇಲೆ ಮರ್ಯಾದೆಯಿಂದ ಬದುಕಬೇಕು ಎಂದು ನಾನು ನಿರ್ಧರಿಸಿದಾಗಲೆಲ್ಲ ಮನೆಯಲ್ಲಿ ಇಂಥದ್ದೊಂದು ಆಗಿಯೇ ತೀರುತ್ತದೆ.

ತೆಲುಗು ನಾಡಿಗೆ ಬಂದು ನೆಲೆಸಿದ ನನ್ನದು ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿ. ಗಾದಿಯ ಮೇಲೆ ಕೂತು ಕೂತು ಹೊಟ್ಟೆ ಮುಂದಕ್ಕೂ ಸಕ್ಕರೆ ಮೇಲಕ್ಕೂ ಹೋಗಿದ್ದವು. ಕೋಠಿಯಲ್ಲಿರುವ ನಮ್ಮ ಡಾಕ್ಟರು ಬೀದರ ಕಡೆಯವರು, ಮುಲಾಜಿಲ್ಲದ ಮನುಷ್ಯ. “ಮೂರು ತಿಂಗಳು ಕೊಡ್ತೀನ್ರಿ. ದಿನಾ ಮೈ ಬೆವರಸ್ರಿ. ಸಕ್ಕರಿ ಇಳೀಲಿಲ್ಲ ಅಂದ್ರ ಹೊಟ್ಟಿಗೆ ಸೂಜಿ” ಅಂದುಬಿಟ್ಟರು. ಸೂಜಿ ಎಂದರೆ ನನಗೆ ಜೀವಭಯ. ರಕ್ತ ಪರೀಕ್ಷೆಗೆ ಹೋದರೂ ಹೆಂಡತಿಯ ಕೈ ಹಿಡಿದು ಕಣ್ಣು ಮುಚ್ಚುವವನು ನಾನು.

ಬೀದಿಯಲ್ಲಿ ಓಡಲು ನಾಚಿಕೆ. ಕಾಲೇಜಿಗೆ ಹೋಗುವ ಮಗಳು ಒಂದು ವಿಡಿಯೋ ಗೇಮ್ ಪೆಟ್ಟಿಗೆ ತಂದು ಟಿವಿಗೆ ಜೋಡಿಸಿದಳು. ಟಿವಿಯ ಮೇಲೆ ಕ್ಯಾಮೆರಾ, ನಮ್ಮ ಮಣಿಕಟ್ಟಿಗೆ ಪಟ್ಟಿ. ನಾವು ಜಿಗಿದರೆ ಪರದೆಯ ಮೇಲಿನ ಗೊಂಬೆಯೂ ಜಿಗಿಯುತ್ತದೆ. ನಾವು ಕೂತರೆ ಅದೂ ಕೂರುತ್ತದೆ. ಎಷ್ಟು ಹೊತ್ತು ಆಡಿದೆವು ಎಂಬ ಲೆಕ್ಕ ಮಗಳ ಫೋನಿಗೆ ಹೋಗುತ್ತದೆ. ಅಪ್ಪನನ್ನು ಕಾಯಲು ಮಗಳು ಮಾಡಿದ ಏರ್ಪಾಡು.

ಕೆಳಗಿನ ಮನೆಯವರು

ತಾರ್ನಾಕದಲ್ಲಿ ನಮ್ಮದು ಮೂರನೇ ಮಹಡಿ. ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಪ್ರೊಫೆಸರರು, ಅಪ್ಪಟ ತೆಲುಗಿನವರು. ಮೊದಲ ದಿನ ನಾನು ಹತ್ತು ನಿಮಿಷ ಜಿಗಿದಿದ್ದೆನೋ ಇಲ್ಲವೋ, ಬಾಗಿಲು ಬಡಿದ ಸದ್ದು. ಜಗಳಕ್ಕೇ ಬಂದರು ಎಂದುಕೊಂಡೆ. ನೋಡಿದರೆ ಮುಖದ ತುಂಬ ನಗು.

“ಏಂ ದಂಚುತುನ್ನಾರಂಡಿ?” ಎಂದರು. ಏನು ಕುಟ್ಟುತ್ತಿದ್ದೀರಿ ಅಂತ.

ಮೆಣಸಿನಕಾಯಿ ವ್ಯಾಪಾರಿಯ ಮನೆಯಲ್ಲಿ ದಬದಬ ಸದ್ದಾದರೆ ಪಾಪ, ಅವರಾದರೂ ಇನ್ನೇನು ತಿಳಿಯಬೇಕು? ಕುಟ್ಟುತ್ತಿಲ್ಲ ಸರ್, ಕಸರತ್ತು ಮಾಡುತ್ತಿದ್ದೇನೆ ಎಂದೆ. ಅವರ ನಗು ಬಾಡಿತು. ಬೆನ್ನ ಹಿಂದೆ ಅಡಗಿಸಿಕೊಂಡಿದ್ದ ಸ್ಟೀಲಿನ ಖಾಲಿ ಡಬ್ಬಿಯನ್ನು ಹಾಗೆಯೇ ತಿರುಗಿ ಒಯ್ದರು.

ಖಂಡೆ ಪೂಜೆ

ಅಷ್ಟರಲ್ಲಿ ದಸರೆ ಬಂತು. ನಮ್ಮಲ್ಲಿ ಖಂಡೆ ಪೂಜೆಯ ದಿನ ಅಂಗಡಿಯ ತಕ್ಕಡಿಯಿಂದ ಹಿಡಿದು ಮನೆಯ ಮಿಕ್ಸರ್ ತನಕ ಎಲ್ಲಕ್ಕೂ ಅರಿಷಿಣ ಕುಂಕುಮ. ಅವ್ವ ಯಾವುದನ್ನೂ ಬಿಡುವವಳಲ್ಲ.

ಮರುದಿನ ಆಟ ಹಚ್ಚಿದೆ. ಪೆಟ್ಟಿಗೆಯೊಳಗಿನ ಹೆಣ್ಣುದನಿ ಹಿಂದಿಯಲ್ಲಿ, ನೀವು ಕಾಣಿಸುತ್ತಿಲ್ಲ, ಸ್ವಲ್ಪ ಮುಂದೆ ಬನ್ನಿ ಎಂದಿತು. ಮುಂದೆ ಹೋದೆ. ಇನ್ನೂ ಮುಂದೆ ಬನ್ನಿ ಎಂದಿತು. ಮೂಗು ಟಿವಿಗೆ ತಾಗಿದರೂ ನಾನು ಅದಕ್ಕೆ ಕಾಣಲೊಲ್ಲೆ.

“ಎಂಟೇ ದಿನದಾಗ ಕಾಣದಂಗ ಕರಗೀರಿ ಬಿಡ್ರಿ” ಅಂದಳು ಹೆಂಡತಿ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಹಾಗೇ ಅನಿಸಿ ಭಾಳ ಖುಷಿಯಾಯಿತು.

ಮಗಳು ಬಂದು ನೋಡಿದರೆ ಕ್ಯಾಮೆರಾದ ಕಣ್ಣಿಗೆ ಅವ್ವನ ಕುಂಕುಮ, ಸರಿಯಾಗಿ ನಡುಮಧ್ಯಕ್ಕೆ. ಒರೆಸಿದಳು. ಹೆಣ್ಣುದನಿ ಈಗ ಸ್ಪಷ್ಟವಾಗಿ, ಇಬ್ಬರು ನಿಂತಿದ್ದೀರಿ, ದಯವಿಟ್ಟು ಒಬ್ಬರು ಪಕ್ಕಕ್ಕೆ ಸರಿಯಿರಿ ಎಂದಿತು. ಅದರ ಮುಂದೆ ನಿಂತಿದ್ದವನು ನಾನೊಬ್ಬನೇ.

ಬಜಾರಿನಲ್ಲಿ

ಆ ಆಟದಲ್ಲಿ ಎದುರಿನಿಂದ ಅಡ್ಡಗಂಬ ತೇಲಿಬರುತ್ತದೆ, ಬಂದ ಕೂಡಲೇ ಕುಕ್ಕರುಗಾಲಲ್ಲಿ ಕೂತು ತಲೆ ಉಳಿಸಿಕೊಳ್ಳಬೇಕು. ಒಂದು ತಿಂಗಳಿಗೆ ನನಗೆ ಅದೇ ರೂಢಿಯಾಯಿತು. ಬೇಗಂ ಬಜಾರಿನ ಸಂದಿಯಲ್ಲಿ ಮೂಟೆ ಹೇರಿದ ತಳ್ಳುಗಾಡಿ ಎದುರು ಬಂತು. ಪಕ್ಕಕ್ಕೆ ಸರಿಯುವುದು ಬಿಟ್ಟು ದಾರಿಯ ನಡುವೆಯೇ ಕೂತುಬಿಟ್ಟೆ. ಹಿಂದೆ ಮುಂದೆ ಗಾಡಿಗಳೆಲ್ಲ ನಿಂತವು.

ಗಾಡಿಯವನು ಯಾದಗಿರಿ ಕಡೆಯ ಹಮಾಲ. ಬಾಗಿ ಮೆಲ್ಲಗೆ ಹೇಳಿದ: “ಸಾವ್ಕಾರ್ರ, ಇಲ್ಲಿ ಬ್ಯಾಡ್ರಿ. ಪಾಯಖಾನಿ ಆ ಕಡಿ ಐತ್ರಿ.”

ಅವ್ವನ ಕೈಗುಣ

ಎರಡನೇ ತಿಂಗಳಿಗೆ ಮಂಡಿ ನೋಯತೊಡಗಿತು, ಸೋಮಾರಿತನವೂ ಸೇರಿಕೊಂಡಿತು. ಆ ಪೆಟ್ಟಿಗೆಯಲ್ಲಿ ಡೋಲು ಬಡಿಯುವ ಇನ್ನೊಂದು ಆಟವಿತ್ತು. ಅದಕ್ಕೆ ಕ್ಯಾಮೆರಾ ಬೇಡ, ಕೈಪಟ್ಟಿ ಸಾಕು. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಪಟಪಟ ಸದ್ದು ಕೇಳಿತು. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತಾರು ವರ್ಷದ ಕೈ, ಒಂದು ಏಟೂ ತಾಳ ತಪ್ಪುವುದಿಲ್ಲ. ಕೈಪಟ್ಟಿಯನ್ನು ಒಯ್ದು ಅವಳ ಮಣಿಕಟ್ಟಿಗೆ ಕಟ್ಟಿದೆ.

“ಏನೋ ಇದು?” ಅಂದಳು.

“ಕೈಗೆ ಭಾಳ ಚಲೋ ಅವ್ವಾ” ಅಂದೆ.

ಅಂದಿನಿಂದ ದಿನವೂ ಅವ್ವ ಬಡಿಯುತ್ತಿದ್ದಳು, ನಾನು ಬಿಸಿರೊಟ್ಟಿಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಿದ್ದೆ, ಪೆಟ್ಟಿಗೆ ‘ವಾಹ್! ವಾಹ್!’ ಎಂದು ನನ್ನನ್ನು ಹೊಗಳುತ್ತಿತ್ತು. ಮಗಳು ಕಾಲೇಜಿನಿಂದ ಫೋನ್ ಮಾಡಿ, “ಅಪ್ಪಾ, ನಿಮ್ಮನ್ನ ನೋಡಿದ್ರ ಹೆಮ್ಮಿ ಅನಸ್ತೈತಿ” ಅಂದಳು. ಆಗ ಮಾತ್ರ ಎತ್ತಿದ ತುತ್ತನ್ನು ತಟ್ಟೆಗೆ ಇಟ್ಟೆ. ಫೋನು ಇಟ್ಟ ಮೇಲೆ ಮತ್ತೆ ಎತ್ತಿಕೊಂಡೆ.

ಮೂರು ತಿಂಗಳು ಮುಗಿಯಿತು. ತನ್ನ ಮಂಡಿನೋವಿಗೆ ಔಷಧ ಕೇಳಬೇಕೆಂದು ಅವ್ವನೂ ಜೊತೆಗೆ ಬಂದಳು. ಮಗಳು ಫೋನು ತೆಗೆದು ಲೆಕ್ಕ ತೋರಿಸಿದಳು. ಡಾಕ್ಟರು ಬೆರಗಾದರು. “ಒಂದು ದಿನಾನೂ ತಪ್ಪಿಲ್ಲಲ್ರಿ! ಶಹಬ್ಬಾಸ್!” ನಾನು ಎದೆಯುಬ್ಬಿಸಿ ಕೂತೆ. ಆಮೇಲೆ ರಕ್ತದ ರಿಪೋರ್ಟು ಬಿಚ್ಚಿದರು. ಅವರ ಮುಖ ಗಂಭೀರವಾಯಿತು.

“ಇಷ್ಟು ಕಸರತ್ತು ಮಾಡಿದ್ರೂ ಸಕ್ಕರಿ ಏರೇತಿ ಅಂದ್ರ ಇದು ಕಸರತ್ತಿಗೆ ಬಗ್ಗೂದಲ್ರಿ. ಇವತ್ತಿಂದನ ಸೂಜಿ” ಎಂದು ಪೆನ್ನು ತೆಗೆದರು.

ಒಂದು ಕಡೆ ಸೂಜಿ, ಇನ್ನೊಂದು ಕಡೆ ಮಗಳ ಮುಂದಿನ ಮರ್ಯಾದೆ. ಮರ್ಯಾದೆಯನ್ನೇ ಬಿಟ್ಟೆ.

“ಬರೀಬ್ಯಾಡ್ರಿ ಡಾಕ್ಟರ್! ಅದು ನಾನಲ್ರಿ, ನಮ್ಮವ್ವ. ರೊಟ್ಟಿ ಬಡಿಯೂವಾಗ ಆಕಿ ಕೈಗೆ ಪಟ್ಟಿ ಕಟ್ಟಿದ್ದೆ.”

ಮಗಳು ನನ್ನನ್ನು ನೋಡಲೇ ಇಲ್ಲ. ನಿಜಕ್ಕೂ ನಾಚಿಕೆಯಾಯಿತು. ಡಾಕ್ಟರು ಮಾತ್ರ ನಕ್ಕು ನಕ್ಕು ಕಣ್ಣೊರೆಸಿಕೊಂಡು ಪೆನ್ನು ಕೆಳಗಿಟ್ಟರು. “ಹೋಗ್ಲಿ, ಇನ್ನೊಂದು ತಿಂಗಳು ನೋಡೂಣ್ರಿ” ಅಂದರು. ನಾನು ಉಸಿರು ಬಿಡುವಷ್ಟರಲ್ಲಿ ಅವ್ವ ಆ ಪೆನ್ನನ್ನು ಎತ್ತಿ ಡಾಕ್ಟರ ಕೈಗೆ ತುರುಕಿದಳು.

“ಬರದು ಕೊಡ್ರಿ ಡಾಕ್ಟರ್. ಕಸರತ್ತು ನನ್ನ ಕೈಲೆ ಮಾಡಿಸ್ಯಾನ. ಸೂಜಿನೂ ನನಗ ಚುಚ್ಚಿಸ್ತಾನೇನು, ನೋಡೇ ಬಿಡೂಣು!”