ಇರಲಿ ಅಂತ ಇನ್ನೊಂದು ಕೀ

ಮರೆಗುಳಿಗಳಲ್ಲಿ ಎರಡು ಜಾತಿ. ತಾವು ಮರೆಗುಳಿಗಳೆಂಬುದನ್ನೂ ಮರೆತು ಸುಖವಾಗಿರುವವರು ಒಂದು; ಅದೊಂದನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡು ಹೈರಾಣಾಗುವವರು ಇನ್ನೊಂದು. ನಾನು ಎರಡನೆಯ ಜಾತಿ. ಆದ್ದರಿಂದಲೇ ನನ್ನ ಹಳೆಯ ಕಪ್ಪು ಬೈಕಿಗೆ ನಾಲ್ಕು ಕೀಗಳಿವೆ. ಒಂದು ಕೈಯಲ್ಲಿ, ಒಂದು ಪರ್ಸಿನಲ್ಲಿ, ಒಂದು ಆಫೀಸಿನ ಡ್ರಾಯರಿನಲ್ಲಿ. ನಾಲ್ಕನೆಯದನ್ನು ಬಹಳ ಭದ್ರವಾದ ಜಾಗದಲ್ಲಿ ಇಟ್ಟಿದ್ದೇನೆ. ಯಾವ ಜಾಗ ಎಂಬುದು ನೆನಪಿಲ್ಲ. "ಇಷ್ಟು ಕೀ ಮಾಡಸೂಕಿಂತ ಒಂದು ಛಲೋ ಗಾಡಿ ತಗೋಬಹುದಿತ್ತು" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ. ಧಾರವಾಡದವಳು. ಚೆನ್ನೈನ ಅಣ್ಣಾ ನಗರಕ್ಕೆ ಬಂದು ಇಪ್ಪತ್ತು ವರ್ಷವಾದರೂ ಅವಳ ನಾಲಿಗೆ ಇನ್ನೂ ಊರು ಬಿಟ್ಟಿಲ್ಲ.

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ತರಕಾರಿಗೆಂದು ಕೋಯಂಬೇಡು ಮಾರುಕಟ್ಟೆಗೆ ಹೋಗಿದ್ದೆ. ಎರಡು ಚೀಲ ತುಂಬಿಸಿಕೊಂಡು ಹೊರಗೆ ಬಂದು ಜೇಬು ತಡವಿದರೆ ಕೀ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ನಾನು ಹೆಮ್ಮೆಯಿಂದ ಪರ್ಸು ತೆಗೆದು, ಅಲ್ಲಿದ್ದ ಕೀಯನ್ನು ಗಾಡಿಗೆ ಹಾಕಿದೆ. ಕೊಂಚ ಅಲ್ಲಾಡಿಸಿದ ಮೇಲೆ ತಿರುಗಿತು. ಮೊದಲ ಒದೆತಕ್ಕೇ ಗಾಡಿ ಚಾಲೂ ಆಯಿತು. ನನಗೆ ಅನುಮಾನ ಬರಬೇಕಿದ್ದದ್ದೇ ಅಲ್ಲಿ. ನನ್ನ ಗಾಡಿ ಐದನೆಯ ಒದೆತಕ್ಕೆ ಮೊದಲು ಎಂದೂ ಬಾಯಿ ಬಿಟ್ಟದ್ದಿಲ್ಲ.

ಮನೆಯ ಗೇಟಿನಲ್ಲಿ ನಿಂತಿದ್ದ ಮಗಳು ಚೀಲ ಇಸಿದುಕೊಳ್ಳುತ್ತ, "ಅಪ್ಪಾ, ಇದು ನಮ್ಮ ವಂಡಿ ಇಲ್ಲೆ" ಎಂದಳು. ನಾನು ಕನ್ನಡದಲ್ಲಿ ಬೈದರೂ ಅವಳು ತಮಿಳಿನಲ್ಲೇ ಉತ್ತರಿಸುವುದು ರೂಢಿ. ನಮ್ಮ ಗಾಡಿ ಅಲ್ಲವೇ ಎಂದು ಬಗ್ಗಿ ನೋಡಿದೆ. ಅದೇ ಥರದ ಕಪ್ಪು ಬೈಕು, ಆದರೆ ಹೆಡ್‌ಲೈಟಿನ ಮೇಲೆ ಮುರುಗನ ವೇಲಾಯುಧದ ಸ್ಟಿಕ್ಕರು. ಸೀಟಿನ ಹಿಂದೆ ಕಟ್ಟಿದ ಗೋಣಿಯಲ್ಲಿ ಮಲ್ಲಿಗೆ ಮೊಗ್ಗು. ದಾರಿಯುದ್ದಕ್ಕೂ ಘಮಘಮ ಎನ್ನುತ್ತಿತ್ತು. ಇವತ್ತು ಚೆನ್ನೈ ಎಷ್ಟು ಚೆನ್ನಾಗಿದೆ ಎಂದುಕೊಂಡೇ ಬಂದಿದ್ದೆ.

"ಯಾರ ಗಾಡಿ ಕದ್ದು ತಂದೀರಿ?" ಎಂದಳು ಗಿರಿಜಾ. ವಾಪಸ್ ಕೊಡಲು ಹೋಗುವಾಗ ಪೊಲೀಸರು ಹಿಡಿದರೆ ಏನೆಂದು ಹೇಳುವುದು? "ನಾನೂ ಬರ್ತೀನಿ. ಹೆಂಡ್ತಿ ಕರ್ಕೊಂಡು ಯಾವ ಕಳ್ಳನೂ ಬರಂಗಿಲ್ಲ. ಹೊಡಿಯೂ ಮುಂದ ಒಂದೀಟು ವಿಚಾರ ಮಾಡ್ತಾರ" ಎಂದು ಅವಳು ಹಿಂದೆ ಕುಳಿತಳು.

ಕೋಯಂಬೇಡಿನಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ನಡುವೆ ನನ್ನ ಗಾಡಿ, ಅದರಲ್ಲಿ ನಾನೇ ಬಿಟ್ಟುಹೋಗಿದ್ದ ಕೀ. ಗಾಡಿಯ ಮೇಲೆ ಲುಂಗಿ ಉಟ್ಟ ಹೂವಿನ ವ್ಯಾಪಾರಿ ಶೇಖರ್, ಒತ್ತೆಯಾಳನ್ನು ಕಾಯುವವರಂತೆ ಕುಳಿತಿದ್ದರು. ನಮ್ಮನ್ನು ಕಂಡದ್ದೇ ಹಾರಿ ಬಂದು ಮೊದಲು ಗೋಣಿಯೊಳಗೆ ಕೈ ಹಾಕಿದರು. ಮೊಗ್ಗು ಇನ್ನೂ ಅರಳಿರಲಿಲ್ಲ. ಆಮೇಲಷ್ಟೇ ಅವರ ಉಸಿರು ಕೆಳಗಿಳಿದದ್ದು. "ಮದುವೆ ಮನೆ ಹೂವು ಸಾರ್! ಏನು ಕೆಲಸ ಮಾಡ್ತೀರಿ ನೀವು?" ಎಂದು ತಮಿಳಿನಲ್ಲಿ ಗದರಿದರು.

"ಇನ್ಶೂರೆನ್ಸ್" ಎಂದೆ.

"ಗಾಡಿ ಕಳವಿನ ಕ್ಲೇಮು ನೋಡ್ತಾರ" ಎಂದು ಗಿರಿಜಾ ತನ್ನ ಧಾರವಾಡದ ತಮಿಳಿನಲ್ಲಿ ಪೂರ್ತಿಮಾಡಿದಳು. ಸುತ್ತ ನಿಂತವರು ನಕ್ಕ ನಗೆಗೆ ಶೇಖರ್ ಕೂಡ ಕೋಪ ಹಿಡಿದಿಟ್ಟುಕೊಳ್ಳಲಾರದೆ ಹೋದರು. ಟೀ ತರಿಸಿದರು. ನಮ್ಮಿಬ್ಬರ ಗಾಡಿಗಳ ಲಾಕುಗಳೂ ಸವೆದು ಒಂದೇ ಆಗಿದ್ದವು. ನನ್ನ ಪರ್ಸಿನ ಕೀ ಎರಡಕ್ಕೂ ತಿರುಗುತ್ತಿತ್ತು. ಅದನ್ನು ಹಿಡಿದು ನೋಡುತ್ತ ಅವರು, "ನನ್ನ ಗಾಡಿಗೆ ಸ್ಪೇರ್ ಇಲ್ಲ ಸಾರ್. ಇದನ್ನ ನಾನೇ ಇಟ್ಕೊಳ್ಳಲಾ?" ಎಂದರು. ತಪ್ಪು ಮಾಡಿದವನು ಇಲ್ಲ ಎನ್ನುವುದು ಹೇಗೆ? ಸಂತೋಷವಾಗಿ ಕೊಟ್ಟು, ಕೈ ಕುಲುಕಿ, ನಮ್ಮ ಗಾಡಿಯನ್ನು ಐದು ಸಲ ಒದ್ದು ಹೊರಟೆ.

ಸಿಗ್ನಲ್ಲಿನಲ್ಲಿ ನಿಂತಾಗ ಗಿರಿಜಾ ಬೆನ್ನು ತಟ್ಟಿದಳು. "ಅಲ್ರೀ, ಆ ಕೀಲೆ ನಮ್ಮ ಗಾಡೀನೂ ತಗೀಬಹುದಲ್ಲ?"

ಅದು ನನಗೆ ಹೊಳೆದೇ ಇರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸೂ ಇರಲಿಲ್ಲ.

"ಗೊತ್ತಿದ್ದೇ ಕೊಟ್ಟೆ ಕಣೆ. ಕೋಯಂಬೇಡಿನಲ್ಲೂ ಒಂದು ಇರಲಿ ಅಂತ."